ಮೂರು ಅಂಕದ ಪ್ರಶ್ನೆ

ಬೋರಾ ಬಜಾರಿನ ರಾತ್ರಿಶಾಲೆ, ಮೂರನೇ ಮಾಳಿಗೆ.
ಹಗಲಿಡೀ ಮರಾಠಿ ಪುಟಾಣಿಗಳು ಕೂತೆದ್ದ ಬೆಂಚಿನಲ್ಲಿ
ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ನಾವು,
ಹಿಂಗಿನ ವಾಸನೆಯ ಹನ್ನೊಂದು ಮಂದಿ.

ಬಂದರಿನ ಗುಮಾಸ್ತಿಕೆ ಮುಗಿಸಿ ಬಂದ ವಾದಿರಾಜ ಮಾಸ್ತರರು
ಹಲಗೆಯ ಮೇಲೆ ಬರೆದರು: ಅತಿಶಯೋಕ್ತಿ.
'ಇದ್ದದ್ದನ್ನು ಲೋಕದ ಮೇರೆ ಮೀರಿ ಹಿಗ್ಗಿಸಿ ಹೇಳುವುದು.
ಆ ಪಟ್ಟಣದ ಉಪ್ಪರಿಗೆಗಳಿಗೆ ಉಜ್ಜಿ ಉಜ್ಜಿಯೇ
ಚಂದ್ರ ಹದಿನೈದು ದಿನಕ್ಕೆ ಸವೆದುಹೋಗುತ್ತಾನೆ, ಅಂದ ಹಾಗೆ.
ಈಗ ನೀವು ಹೇಳಿ. ನಿಮ್ಮದೇ ಆಗಬೇಕು.'

ತನಿಯಪ್ಪ ಎದ್ದ. ಸೋಡಾ ನೀರಿಗೆ ಬೆರಳುಗಳೆಲ್ಲ ಒಣದ್ರಾಕ್ಷಿ.
'ನಿನ್ನೆ ನಾನು ತೊಳೆದದ್ದು ಎರಡು ಸಾವಿರ ಕಪ್ಪು, ಸರ್.'
ನಾವು ನಕ್ಕೆವು. ಮಾಸ್ತರರು ಸೀಮೆಸುಣ್ಣ ಹಿಡಿದು ಭಾಗಿಸಿದರು:
ಹದಿಮೂರು ಗಂಟೆ, ಗಂಟೆಗೆ ಅರವತ್ತು ನಿಮಿಷ,
ನಿಮಿಷಕ್ಕೆ ಎರಡೂವರೆ, ಚಿಲ್ಲರೆ.
'ಆಗ್ತದೆ ಮಾರಾಯ. ಇದು ಸ್ವಭಾವೋಕ್ತಿ. ಕೂತುಕೋ.'

ಜಾರಪ್ಪ: 'ದಾದರಿನಲ್ಲಿ ಹತ್ತಿದವ ಬೋರಿಬಂದರದ ತನಕ
ನೆಲಕ್ಕೆ ಕಾಲೇ ಇಟ್ಟಿಲ್ಲ. ಜನರೇ ಹೊತ್ತು ತಂದರು.'
'ನನ್ನನ್ನೂ,' ಅಂದರು ಮಾಸ್ತರರು. 'ಸ್ವಭಾವೋಕ್ತಿ.'

ಹೀಗೆ, ಗಂಟೆ ಬಾರಿಸುವವರೆಗೂ, ಈ ಊರು ನಮಗೆ
ಒಂದೇ ಒಂದು ಸುಳ್ಳನ್ನು ಹೇಳಗೊಡಲಿಲ್ಲ.

ನನ್ನ ಹತ್ತಿರ ಒಂದಿತ್ತು. ಎದ್ದು ಹೇಳಲಿಲ್ಲ.
ತಿಂಗಳಿಗೊಮ್ಮೆ ಗಲ್ಲಾದ ಹಿಂದಿನ ಮೆಟ್ಟಿಲಲ್ಲಿ ಕೂತು
ನೀಲಿ ಇನ್‌ಲ್ಯಾಂಡಿನಲ್ಲಿ ಅಮ್ಮನಿಗೆ ಬರೆಯುತ್ತಿದ್ದೆ:
ಮಲಗಲು ಮಂಚ, ಮೇಲೆ ಫ್ಯಾನು, ಎದುರಿಗೇ ಸಮುದ್ರ.
ಮಂಚ ಅಂದರೆ ಐದನೇ ನಂಬರಿನ ಟೇಬಲ್ಲು.
ಫ್ಯಾನು ಇತ್ತು, ನಿಜ. ಶಟರ್ ಎಳೆದೊಡನೆ
ಸೇಟು ಮೇನ್ ಸ್ವಿಚ್ಚೇ ಆರಿಸಿ ಹೋಗುತ್ತಿದ್ದ.
ಸಮುದ್ರ ಕ್ಯಾಲೆಂಡರಿನದು, ಅದೂ ಜುಲೈ ತಿಂಗಳಿಗೆ ಮಾತ್ರ.

ಅಮ್ಮನ ಉತ್ತರ, ಅಂಚೆಯ ಕೂಸಣ್ಣನ ಅಕ್ಷರದಲ್ಲಿ:
ಇಲ್ಲಿ ನಾವೆಲ್ಲ ಕ್ಷೇಮ. ನಮ್ಮ ಕಪಿಲೆ
ಎರಡು ಹೊತ್ತೂ ಕೊಡ ತುಂಬ ಹಾಲು ಕೊಡುತ್ತಾಳೆ.

ಕಪಿಲೆಯನ್ನು ಮಾರಿಯೇ
ನನಗೆ ಬೊಂಬಾಯಿಯ ಬಸ್ಸಿನ ಟಿಕೇಟು ತೆಗೆದದ್ದು.

ವಾರ್ಷಿಕ ಪರೀಕ್ಷೆಯಲ್ಲಿ ಬಂತು ಅತಿಶಯೋಕ್ತಿ, ಮೂರು ಅಂಕಕ್ಕೆ.
ಲಕ್ಷಣ ಬಾಯಿಪಾಠವಿತ್ತು, ಇಳಿಸಿದೆ.
ಉದಾಹರಣೆಗೆ ಆ ಹಾಲಿನ ಸಾಲು.
ಆಮೇಲೆ ಪೆನ್ನು ಹಿಡಿದು ಸುಮ್ಮನೆ ಕೂತೆ.
ಕೆಳಗೆ ರಸ್ತೆಯಲ್ಲಿ ಯಾರೋ ಕೈಗಾಡಿ ತಳ್ಳುತ್ತ
ಬಾಜೂ, ಬಾಜೂ ಅನ್ನುತ್ತಿದ್ದರು.

ಕಾಗದ ಹಿಂದೆ ಬಂದಾಗ ಎರಡು ಅಂಕ.
ಕೆಂಪು ಶಾಯಿಯಲ್ಲಿ ಮಾಸ್ತರರ ದುಂಡನೆಯ ಬರಹ:
ಲಕ್ಷಣ ಸರಿ. ಉದಾಹರಣೆ ಸರಿ.
ಸಮನ್ವಯ ಬರೆದಿಲ್ಲ.