ಆರನೇ ಕಂಬ

ಕೌನ್ಸಿಲ್ಲಿನ ಕಾಗದ ದ್ವೀಪಕ್ಕೆ ಬಂದದ್ದು ದೋಣಿಯಲ್ಲಿ, ಮೂರು ದಿನ ತಡವಾಗಿ.
ಇಮೇಲೂ ಮಾಡಿದ್ದರಂತೆ; ಅವತ್ತು
ಗಾಳಿಗೆ ಎರಡನೇ ಕಂಬ ಮಲಗಿತ್ತು.

"ಯೋಜನೆಯನ್ನು ಹಂತಹಂತವಾಗಿ ಮುಕ್ತಾಯಗೊಳಿಸಲಾಗುವುದು."
ಹಂತ ಅಂದರೆ ಮುರ್ಡೀನಾ.
ಒಬ್ಬಳೇ. ಐವತ್ತೆಂಟು ವರ್ಷ, ಎಡ ಮಂಡಿಯಲ್ಲಿ ಛಳಕು,
ಸೊಂಟದಲ್ಲಿ ಹತ್ತೊಂಬತ್ತು ಬೀಗದಕೈ.

ಈ ಗುಡ್ಡಕ್ಕೆ ಸಿಮೆಂಟು ಹೊತ್ತದ್ದು ಹೆಲಿಕಾಪ್ಟರು,
ನೋಡಲಿಕ್ಕೆಂದೇ ಶಾಲೆಗೆ ರಜೆ.
ಮಂತ್ರಿ ಕತ್ತರಿಸಿದ ರಿಬ್ಬನ್ನು ಓಯ್ರಿಕ್‌ಳ ಮಗ್ಗಕ್ಕೆ ಹೋಗಿ
ಯಾವುದೋ ಉಣ್ಣೆಬಟ್ಟೆಯ ಅಂಚಾಯಿತು.
ಅದನ್ನು ಕೊಂಡವರು ಓಸಾಕದವರು. ತಂತಿಯೇ ಇಲ್ಲದ ಈ ದಾರಿಯಲ್ಲೇ
ಬಂದಿತ್ತು ಆ ಬೇಡಿಕೆ, ತೆವಳುತ್ತ,
ಒಂದು ಚಿತ್ರ ಇಳಿಯುವಷ್ಟರಲ್ಲಿ
ಕೆಟಲು ಎರಡು ಸಲ ಕುದಿದು.

ಈಗ ಕಡಲಡಿ ಗಾಜಿನ ಎಳೆ ಬಂದಿದೆ, ಬಂದರಿನವರೆಗೆ.
ಬಡಗಣ ತುದಿಯ ಏಳು ಮನೆಗೆ
"ಪರ್ಯಾಯಗಳು ಪರಿಶೀಲನೆಯಲ್ಲಿವೆ."
ಹೊಳೆ ಇನ್ನೂ ಎದೆಮಟ್ಟ ಇರುವಾಗಲೇ
ಅಂಬಿಗ ಹುಟ್ಟು ಎತ್ತಿಟ್ಟ.

ಮೇಲೆ ಟಾರ್ಕಿಲ್ ಕಾಯುತ್ತಿದ್ದ.
ಕಂಬ ಬೇಡವೆಂದು ಆಗ ಸಹಿ ಎತ್ತಿದವ,
ಗುಡ್ಡದ ಮುಖಕ್ಕೆ ಮೊಳೆ ಹೊಡೆದಿರಿ ಎಂದು
ಅವಳೊಡನೆ ಎರಡು ಚಳಿಗಾಲ ಮಾತು ಬಿಟ್ಟವ.
"ನಿನ್ನ ಇಂಟರ್ನೆಟ್ಟು ನೀನು ಒಯ್ಯಿ," ಅಂದ,
"ಕಂಬ ಇರಲಿ.
ಚರ್ಚಿನ ಮೂಲೆಗೂ ಇದಕ್ಕೂ ಗೆರೆ ಎಳೆದರೆ
ನನ್ನ ಏಡಿಬುಟ್ಟಿ ಇಳಿಸುವ ಜಾಗ."
ಹನ್ನೊಂದು ವರ್ಷ! ಯಾರಿಗೂ ಹೇಳಿರಲಿಲ್ಲ.

ಅವಳು ನಗಲಿಲ್ಲ.
ಪೆಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ಮಲಗಿದ್ದ ಕುರಿಯನ್ನು
ಮೊಣಕಾಲಿನಿಂದ ಸರಿಸಿದಳು.
ಒಳಗೆ ನಾಲ್ಕು ಹಸಿರು ಚುಕ್ಕೆ,
ಒಂದು ಸತ್ತ ಪತಂಗ,
ತನ್ನದೇ ಅಕ್ಷರದಲ್ಲಿ ಒಂದು ಚೀಟಿ: ಮುಟ್ಟಬೇಡಿ.

ನಾಲ್ಕೂ ದೀಪ ಒಂದೊಂದಾಗಿ ದೊಡ್ಡದು ಮಾಡಿದಳು.
ಫ್ಯಾನು ಸ್ವಲ್ಪ ಹೊತ್ತು ತಿರುಗಿತು,
ಆಮೇಲೆ ಗಾಳಿಯ ಸದ್ದು,
ಅದು ಮೊದಲಿನಿಂದಲೂ ಇತ್ತು.

ದಾಸ್ತಾನಿನ ಹಾಳೆಯಲ್ಲಿ
ರೇಡಿಯೋ: ಎರಡು. ಬ್ಯಾಟರಿ: ಎಂಟು, ಊದಿಕೊಂಡಿವೆ.
ಕಂಬ: ಒಂದು.
ಸ್ಥಿತಿ?
ಪೆನ್ನು ಕೊಡವಿ, ಹೊಸದರಂತೆ ಹೊಳೆಯುವ ಕಬ್ಬಿಣ ನೋಡಿ,
ಬರೆದಳು: "ತುಕ್ಕು. ಸಾಗಿಸಲು ಯೋಗ್ಯವಲ್ಲ."
ಟಾರ್ಕಿಲ್ ಬೇರೆಲ್ಲೋ ನೋಡುತ್ತಿದ್ದ.

ಇಳಿಯುವಾಗ ತಿರುಗಿದಳು.
ಕುರಿ ಮತ್ತೆ ಅದೇ ಬಾಗಿಲಿಗೆ ಬೆನ್ನು ಕೊಟ್ಟಿತ್ತು.
ತಗಡು ಇನ್ನೂ ಬೆಚ್ಚಗಿರಬೇಕು,
ಸಂಜೆಯವರೆಗೆ.