ಐವತ್ತು ರೂಪಾಯಿಗೆ ಬ್ಯಾರೆ ಊರು

ಗಡಿಯಾರ ಕಂಬದ ಹಿಂದ, ಮಿರ್ಚಿ ಬಂಡಿಗೆ ಹತ್ತಿ
ನನ್ನ ಅಂಗಡಿ. ಒಡೆದ ಗಾಜು, ಉಬ್ಬಿದ ಬ್ಯಾಟರಿ,
ನೀರಾಗ ಬಿದ್ದ ಫೋನು, ಎಲ್ಲಾ ರಿಪೇರಿ.
ಇನ್ನೊಂದು ಕೆಲಸ ಬೋರ್ಡಿನ ಮ್ಯಾಲೆ ಬರೆಸಿಲ್ಲ.
ಬಂದವರು ಕೌಂಟರಿಗೆ ಎದಿ ಹಚ್ಚಿ ಸಣ್ಣಗ ಕೇಳ್ತಾರ:
"ಮೌಲಾ, ನಾ ಇರಲಾರದ ಕಡೆ ನನ್ನ ಇಡಾಕ ಬರತೈತೇನು?"
ಬರತೈತಿ.

ಸೆಟ್ಟಿಂಗಿನಾಗ ಒಂದು ನಂಬರಿನ ಮ್ಯಾಲೆ ಏಳು ಸಲ ಒತ್ತಬೇಕು,
ಫೋನು "ನೀನೀಗ ಡೆವಲಪರ್" ಅಂತೈತಿ.
ಎಸೆಸೆಲ್ಸಿ ಎರಡು ಸಲ ಫೇಲಾದವಗ
ಇನ್ಯಾರು ಅಂದಾರು ಹಂಗ.

ಯಮನೂರಪ್ಪ ಗಿಣಿಗೇರಿಯಿಂದ ಕಬ್ಬಿಣ ಹೇರ್ತಾನ.
ಮಾಲಕ ಹೊಸಪ್ಯಾಟಿಯಾಗ ಕುಂತು
ಚುಕ್ಕಿ ಯಾಕ ದಾರಿ ಬಿಟ್ಟು ನಿಂತೈತಿ ಅಂತಾನ.
ಟ್ರಾಫಿಕ್ಕಿನಾಗ ಸಿಕ್ಕಂಗ ಮಾಡಿಕೊಟ್ಟೆ.
ಆ ಅರ್ಧ ತಾಸು ಅವ
ಬೂದಗುಂಪಾ ಕ್ರಾಸಿನ ಬೇವಿನ ಗಿಡದ ಕೆಳಗ ಮಲಗ್ತಾನ.
ಅಷ್ಟೇ. ನಿದ್ದಿ.

ಮರ್ದಾನಬಿ ಬಿಎ ಎರಡನೇ ವರ್ಷ.
ಅಣ್ಣನ ಫೋನಿನಾಗ ಅವಳು ಲೈಬ್ರರಿಯಾಗ ಓದಾಕತ್ತಾಳ,
ಮೈದಾನದಾಗ ಮಣಕಾಲು ಕೆತ್ತಿಸಿಕೊಂಡು
ಕಬಡ್ಡಿ ಕಬಡ್ಡಿ ಅನ್ನಾಕತ್ತಾಳ.
ಮೊನ್ನೆ ಒಂದು ಕಪ್ಪು ತಂದಳು, ಗೆದ್ದದ್ದು.
"ಇದನ್ನೂ ಎಲ್ಲ್ಯಾರ ಬಚ್ಚಿಡು ಭಾಯ್."
ಚಾರ್ಜರ್ ಡಬ್ಬಿಯ ಹಿಂದ ಐತಿ.

ಎಲ್ಲಾರಿಗೂ ಮಾಡಿಕೊಡಂಗಿಲ್ಲ ಮತ್ತ.
ಒಬ್ಬ ಬಂದಿದ್ದ. ಹೆಂಡತಿ ಎಲ್ಲಿ ಹೋಗ್ತಾಳ ತನಗ ಕಾಣಬೇಕಂತ,
ತಾ ಎಲ್ಲಿ ಹೋಗ್ತಾನ ಯಾರಿಗೂ ಕಾಣಬಾರದಂತ.
ಅಂಥಾದ್ದು ಇನ್ನಾ ಬಂದಿಲ್ರೀ ಅಂದೆ.
ಆ ಸುಳ್ಳಿಗೆ ಯಾವ ಆ್ಯಪೂ ಬೇಕಾಗಲಿಲ್ಲ.

ಆಮೇಲೊಂದು ಸಂಜಿ ಬಿಸಿಯೂಟದ ಗಾಳೆಮ್ಮ,
ಸೆರಗಿನ ಗಂಟಿನಾಗ ಫೋನು.
ಒಂದೂರಿನ ಹೆಸರು ಹೇಳಿದಳು. ಒತ್ತಿ ನೋಡಿದೆ.
ಮ್ಯಾಪಿಗೆ ಗೊತ್ತಿಲ್ಲ.
"ಡ್ಯಾಮಿನ ನೀರಾಗ ಐತಿ ತಮ್ಮಾ,
ನಾ ಹುಟ್ಟೂಕಿಂತ ಮೊದಲ ಮುಳುಗೈತಿ.
ನಮ್ಮವ್ವ ಮಾತ್ರ ಸಾಯೋತನ ಅಲ್ಲೇ ಇದ್ದಳು:
ಹುಣಸಿಗಿಡ, ಸೇದೋ ಬಾವಿ,
ಬಾವಿಯ ಬಲಕ್ಕ ಮನಿ."
ಮುನಿರಾಬಾದಿನಿಂದ ಹಿಂಗ ಹೋಗು, ಇಲ್ಲಿ ಹೊಳ್ಳು, ಅಂತ
ನೀಲಿಯ ಮ್ಯಾಲೆ ಬೆರಳೆಳೆದು ದಾರಿ ತೋರಿಸಿದಳು.
ಸಾರಿನ ಅರಿಷಿಣಕ್ಕ ಗಾಜು ಹಳದಿ ಆತು.
ನಿಲ್ಲು ಅಂದಲ್ಲಿ ಪಿನ್ ಊರಿದೆ.
ನೀರ ನಡುವ ಚುಕ್ಕಿ
ಉಸಿರಾಡಾಕತ್ತಿತು.

ಎಂಟು ದಿನಕ್ಕ ನಕ್ಕೋತ ಬಂದಳು:
"ತಗದುಬಿಡು. ಮಗಳು ಸೀರಿ ಕಳಿಸ್ಯಾಳ,
ಲೊಕೇಶನ್ ಹಾಕು ಅಂದ ಕೊರಿಯರಿನ ಹುಡುಗ, ಹಾಕಿದೆ.
ಹಿನ್ನೀರಿನ ದಂಡ್ಯಾಗ ನಿಂತು ಬೈಯಾಕತ್ತಾನ,
ಮುಂದ ನೀರೈತಿ, ಹೆಂಗ ಬರ್ಲಿ ಬೇ ಅಂತ."

ಒತ್ತಿದೆ. ಕಣ್ಣು ಪಿಳುಕಿಸೂದ್ರಾಗ ಚುಕ್ಕಿ
ಕೊಪ್ಪಳಕ್ಕ ಬಂತು.
ಆವಾಗ ಎರಡು ದಿನ ಹಿಡಿದಿತ್ತಂತ,
ಬಂಡಿಯಾಗ ಬಾಗಿಲ ಚೌಕಟ್ಟು ಹೇರಿಕೊಂಡು.

ರೊಕ್ಕ ಬ್ಯಾಡ ಅಂದೆ. ಐವತ್ತರ ನೋಟು
ಕೌಂಟರಿನ ಮ್ಯಾಲೆ ಸಾಪ ಮಾಡಿ ಇಟ್ಟಳು.
"ಎಂಟು ದಿನ ಇದ್ದೀನಲ್ಲಪ್ಪಾ," ಅಂದಳು,
"ಬಾಡಿಗಿ."