ಬೋಗುಣಿ ಇಳಿಸಿದ ಮೇಲೆ

ಕುಮಾಸಿಯ ಅಸಾಫೊ ಬೀದಿ, ತಗಡಿನ ಅಂಗಡಿ,
ಒಂದು ಕಂಪ್ಯೂಟರು, ಒಂದು ಫ್ಯಾನು, ನಾನು ಅಡ್ವೋವಾ.
ಸತ್ತವರ ಪೋಸ್ಟರು ಮಾಡುತ್ತೇನೆ.
ಮಣ್ಣು ಶನಿವಾರ; ಗುರುವಾರವೇ ಬರುತ್ತಾರೆ.

ಓಪೊಕು ಬಂದ, ಟ್ರೊಟ್ರೊ ವ್ಯಾನು ಓಡಿಸುವವನು,
ಬೆರಳಲ್ಲಿ ಇನ್ನೂ ಗ್ರೀಸು. ಫೋನು ಚಾಚಿದ:
“ಅವ್ವನದು ಇದೊಂದೇ.”
ಕೆಜೇಟಿಯಾ ಸಂತೆಯಲ್ಲಿ ಮಾಮೆ ಸೆರ್ವಾ,
ತಲೆಯ ಮೇಲೆ ಅಲ್ಯೂಮಿನಿಯಂ ಬೋಗುಣಿ,
ಬೋಗುಣಿಯ ತುಂಬ ಟೊಮ್ಯಾಟೊ, ಶಿಖರ ಕಟ್ಟಿ.
ಯಾರನ್ನೋ ಬೈಯಲು ತೆರೆದ ಬಾಯಿ
ಹಾಗೇ ನಗುವಾಗಿಬಿಟ್ಟಿದೆ.

“ದೊಡ್ಡವರು ಹೇಳಿದ್ದಾರೆ, ಬೋಗುಣಿ ಬೇಡ.
ಕೆಂಟೆ ಉಡಿಸು. ರಾಣಿಯ ಹಾಗೆ ಕಾಣಲಿ.”

ಅದೇನು ಮಹಾ.
ಮೊದಲು ಒಂದು ನಕಲು ತೆಗೆದಿಟ್ಟೆ. ಮೂಲವನ್ನು ಮುಟ್ಟಬಾರದು,
ನಮ್ಮ ಕಸುಬಿಗೆ ಇರುವುದು ಅದೊಂದೇ ಶಾಸ್ತ್ರ.
ಅಂಚು ಕತ್ತರಿಸಿದೆ. ಪಕ್ಕದವಳ ಮೊಣಕೈ ಹೋಯಿತು,
ಹಿಂದಿದ್ದ ಬ್ಯಾಟರಿ ಜಾಹೀರಾತು ಹೋಯಿತು.
ಬೆಳಕು ಏರಿಸಿದೆ ಎರಡು ಗೆರೆ, ಮೂರು.
ಆಮೇಲೆ ಟೊಮ್ಯಾಟೊ.
ಪಕ್ಕದ ಆಕಾಶವನ್ನು ಚಿಟಿಕೆ ಚಿಟಿಕೆ ಕಡ ತಂದು
ಮೇಲೆ ಮೆತ್ತುತ್ತ ಬಂದೆ.
ನಲವತ್ತು ವರ್ಷ ಹೊತ್ತದ್ದು
ಒಂದು ಲೋಟ ಟೀ ಆರುವಷ್ಟರಲ್ಲಿ ಇಳಿದಿತ್ತು.

ಬೋಗುಣಿ ಹೋದ ಜಾಗದಲ್ಲಿ ಏನೂ ಇಲ್ಲ.
ಹುಬ್ಬಿನ ಮೇಲೆ ಹಣೆ, ಹಣೆಯ ಮೇಲೆ ಮೋಡ.
ಆಕಾಶ ಎಲ್ಲಿಂದಲಾದರೂ ತರಬಹುದು;
ತಲೆ ಎಲ್ಲಿಂದ ತರಲಿ?
“ಕೂದಲು ಹೇಗಿತ್ತು ನಿಮ್ಮವ್ವನದು?”

ಓಪೊಕು ಬಾಯಿ ತೆರೆದ. ಮುಚ್ಚಿದ.
ಬೆಳಗಾಗುವ ಮೊದಲೇ ಬೋಗುಣಿ, ರಾತ್ರಿ ತಲೆವಸ್ತ್ರ.
ತಂಗಿಗೆ ಫೋನು ಹಚ್ಚಿದ, ಸ್ಪೀಕರಿಗೆ ಹಾಕಿದ.
ಅಫ್ರಿಯೆ ನಕ್ಕಳು, ಆಮೇಲೆ ನಗಲಿಲ್ಲ:
“ನೆತ್ತಿಯಲ್ಲಿ ಕೂದಲೆಲ್ಲಿತ್ತೋ. ಸಿಂಬೆ ತಿಂದುಹಾಕಿತ್ತು.
ಅಂಗೈಯಗಲ. ಎಣ್ಣೆ ಹಚ್ಚುತ್ತಿದ್ದವಳು ನಾನು.”

ಫ್ಯಾನು ನಿಂತಿತು. ಪರದೆ ಕಪ್ಪು.
ಆರಿ ಹತ್ತುವುದು, ಹತ್ತಿ ಆರುವುದು: ದುಮ್ಸೋ ಅನ್ನುತ್ತೇವೆ ಇದಕ್ಕೆ,
ಬೈಯುವುದನ್ನೂ ಬಿಟ್ಟಿದ್ದೇವೆ.
ಸೇವ್ ಒತ್ತಿರಲಿಲ್ಲ ನಾನು.
ಸೆಕೆಯಲ್ಲಿ ಇಬ್ಬರೂ ಸುಮ್ಮನೆ ಕೂತೆವು,
ಅವನು ತನ್ನ ನೆತ್ತಿ ಸವರಿಕೊಳ್ಳುತ್ತಿದ್ದ.

ಕರೆಂಟು ಬಂತು. ಫೈಲು ತೆರೆದರೆ
ಟೊಮ್ಯಾಟೊ ಎಲ್ಲ ವಾಪಸ್ಸು, ಒಂದೂ ಕಡಿಮೆಯಿಲ್ಲ.
“ಮತ್ತೆ ಇಳಿಸು,” ಅಂದ, ನೆಲ ನೋಡುತ್ತ, “ದೊಡ್ಡವರು…”
ಮತ್ತೆ ಇಳಿಸಿದೆ. ಕೂದಲು ಹುಟ್ಟಿಸಲಿಲ್ಲ,
ಕಪ್ಪು ವಸ್ತ್ರ ಸುತ್ತಿದೆ, ಸಿಂಬೆಯಷ್ಟೇ ಎತ್ತರಕ್ಕೆ.
ಈ ಸಲ ನಿಮಿಷಕ್ಕೊಮ್ಮೆ ಬೆರಳು ತಾನಾಗಿ ಹೋಗುತ್ತಿತ್ತು:
ಇಳಿಸು, ಉಳಿಸು. ಇಳಿಸು, ಉಳಿಸು.

ಸೆರ್ವಾ-ಕೊನೆಯದು. ಸೆರ್ವಾ-ಕೊನೆಯದು-ಎರಡು.
ಕತ್ತು ಮಾತ್ರ ನನ್ನ ಮಾತು ಕೇಳಲಿಲ್ಲ,
ಕೆಂಟೆಯೊಳಗಿಂದ ನೆಟ್ಟಗೆ, ಒಂದು ಹಣ್ಣೂ ಉರುಳದ ಹಾಗೆ.
ಹಣೆಯ ಮೇಲೊಂದು ಬಾಗಿದ ನೆರಳು, ಬೋಗುಣಿಯದು.
“ಇದನ್ನೂ ತೆಗೆಯಲಾ?” ಕರ್ಸರು ಅದರ ಮೇಲೇ ಮಿಣುಕುತ್ತಿತ್ತು.
ಓಪೊಕು ಮುಂಗಡ ಎಣಿಸುತ್ತಿದ್ದ, ನಲವತ್ತು ಸೆಡಿ, ಎಲ್ಲ ಚಿಲ್ಲರೆ.
“ಬಿಡು,” ಅಂದ. “ಬಿಸಿಲಿತ್ತು ಅವತ್ತು.”